ತಕ್ಕಡಿಯ ಬಳಿ ಹುಟ್ಟಿದ ಸಂಘ: ಕಲ್ಲಿದ್ದಲು ಕಾರ್ಮಿಕರ ಒಗ್ಗಟ್ಟಿನ ಲೆಕ್ಕಾಚಾರ

ಪ್ರಶ್ನೆ: ಕಲ್ಲಿದ್ದಲು ಗಣಿ ಕಾರ್ಮಿಕರ ಸಂಘಗಳು ಬೇರೆ ಉದ್ಯಮಗಳಿಗಿಂತ ಅಷ್ಟೊಂದು ಬಲವಾಗಿ ಬೆಳೆದದ್ದು ಹೇಗೆ? ‘ಅಪಾಯದ ಕೆಲಸ, ಹಾಗಾಗಿ ಒಗ್ಗಟ್ಟು’ ಎಂಬ ಉತ್ತರವೇ ಎಲ್ಲ ಕಡೆ ಸಿಗುತ್ತದೆ. ಅದು ನಿಜವಾದರೆ 1984ರಲ್ಲಿ ಬ್ರಿಟನ್ನಿನ ಸಂಘ ಮುಷ್ಕರದ ನಡುವೆಯೇ ಇಬ್ಭಾಗವಾದದ್ದು ಏಕೆ? ನಮ್ಮ ಜಾರ್ಖಂಡಿನ ಝರಿಯಾ, ಪಶ್ಚಿಮ ಬಂಗಾಳದ ರಾಣಿಗಂಜ್ ಗಣಿಗಳಲ್ಲೂ ಅಪಾಯ ಇತ್ತಲ್ಲ, ಅಲ್ಲಿ ಅಂಥ ಸಂಘ ಏಕೆ ಬೆಳೆಯಲಿಲ್ಲ?

ಉತ್ತರ: ಅಪಾಯ ಎಂಬುದು ಅರ್ಧ ಉತ್ತರ, ಅದೂ ಚಿಕ್ಕ ಅರ್ಧ. ಮೀನುಗಾರರು, ಹಡಗಿನ ಆಳುಗಳು, ರೈಲು ಡಬ್ಬಿ ಜೋಡಿಸುವವರು, ಕಲ್ಲು ಒಡೆಯುವವರು ಯಾರೂ ಸುರಕ್ಷಿತರಾಗಿರಲಿಲ್ಲ. ಅಪಾಯದಿಂದ ಹುಟ್ಟುವುದು ಹೆಚ್ಚೆಂದರೆ ಶವಸಂಸ್ಕಾರಕ್ಕೊಂದು ನಿಧಿ, ವಿಧವೆಯರಿಗೊಂದು ವಂತಿಗೆ. ಸೋತು ನೆಲಕಚ್ಚಿದರೂ ಐದು ವರ್ಷದಲ್ಲಿ ಮತ್ತೆ ಎದ್ದು ನಿಲ್ಲುವ ಸಂಘಕ್ಕೆ ಇನ್ನೂ ಏನೋ ಬೇಕು. ಅದೇನೆಂದು ತಿಳಿಯಬೇಕಾದರೆ ಬಟವಾಡೆಯ ದಿನಕ್ಕೆ ಹೋಗಬೇಕು. ಗಣಿಯವನ ಕೂಲಿಯನ್ನು ಯಾರು ಎಣಿಸುತ್ತಿದ್ದರು, ಯಾವ ಅಳತೆಯಲ್ಲಿ, ಆ ಅಳತೆಯನ್ನು ಪರೀಕ್ಷಿಸುವ ಹಕ್ಕು ಯಾರಿಗಿತ್ತು? ಈ ಎಳೆ ಹಿಡಿದರೆ ನಿಮ್ಮ ಮೂರೂ ಪ್ರಶ್ನೆಗಳು ಒಂದೇ ಗಂಟಿಗೆ ಬಂದು ಸೇರುತ್ತವೆ. ಈ ಜಗಳ ಅತಿ ಉದ್ದಕ್ಕೆ ನಡೆದದ್ದು ಬ್ರಿಟನ್ನಿನಲ್ಲಿ, ಅದಕ್ಕೆ ದಾಖಲೆಯೂ ಚೆನ್ನಾಗಿ ಉಳಿದಿದೆ. ಹಾಗಾಗಿ ಅಲ್ಲಿಂದ ಶುರು ಮಾಡೋಣ.

ಮೊದಲು ಹಿನ್ನೆಲೆ, ಚಿಕ್ಕದಾಗಿ. ಸ್ಕಾಟ್‌ಲೆಂಡಿನಲ್ಲಿ 1606ರ ಕಾನೂನು ಕಲ್ಲಿದ್ದಲು ಕಾರ್ಮಿಕರನ್ನು ಒಡೆಯನ ಗಣಿಗೇ ಕಟ್ಟಿಹಾಕಿತ್ತು. ಆ ಜೀತ ಪೂರ್ತಿ ಕಳಚಿದ್ದು 1775 ಮತ್ತು 1799ರ ಎರಡು ಕಾನೂನುಗಳಿಂದ. ಇಂಗ್ಲೆಂಡಿನ ಉತ್ತರದ ಡರಮ್, ನಾರ್ತಂಬರ್‌ಲೆಂಡ್‌ಗಳಲ್ಲಿ ಜೀತ ಇರಲಿಲ್ಲ, ‘ಬಾಂಡ್’ ಇತ್ತು. ವರ್ಷಕ್ಕೊಮ್ಮೆ ಕರಾರುಪತ್ರ ಓದುತ್ತಿದ್ದರು, ಅಕ್ಷರ ಬಾರದವರು ಗೀಟು ಹಾಕುತ್ತಿದ್ದರು, ನಡುವೆ ಬಿಟ್ಟು ಹೋದವನಿಗೆ ಜೈಲು. ಥಾಮಸ್ ಹೆಪ್‌ಬರ್ನ್ 1831ರಲ್ಲಿ ಅಲ್ಲಿ ಸಂಘ ಕಟ್ಟಿ, ಹುಡುಗರ ದುಡಿಮೆಯನ್ನು ದಿನಕ್ಕೆ 12 ಗಂಟೆಗೆ ಇಳಿಸಿದ. ಮರುವರ್ಷವೇ ಮಾಲೀಕರು ಸಂಘ ಮುರಿದರು. ಕಾರ್ಮಿಕರು ವಾಸವಿದ್ದ ಮನೆಗಳೂ ಮಾಲೀಕರವೇ, ಹಾಗಾಗಿ ಮುಷ್ಕರ ಎಂದರೆ ಹೆಂಡತಿ ಮಕ್ಕಳೊಂದಿಗೆ ಬೀದಿಗೆ ಬೀಳುವುದು. 1844ರಲ್ಲಿ ಇನ್ನೂ ದೊಡ್ಡ ಮುಷ್ಕರ ನಡೆದು, ಅದೂ ಸೋತಿತು. ಡರಮ್‌ನಲ್ಲಿ ವಾರ್ಷಿಕ ಬಾಂಡ್ ಹೋದದ್ದು 1872ರಲ್ಲಿ. 1844ರ ಬೇಡಿಕೆಗಳ ಪಟ್ಟಿಯಲ್ಲಿ ಗಮನಿಸಬೇಕಾದ್ದು ಒಂದಿದೆ: ಕಲ್ಲಿದ್ದಲನ್ನು ಬುಟ್ಟಿಯ ಅಳತೆಯಲ್ಲಿ ಎಣಿಸಬೇಡಿ, ತಕ್ಕಡಿಯಲ್ಲಿ ತೂಗಿ.

ಅದು ಏಕೆ ಅಷ್ಟು ಮುಖ್ಯ ಎಂದು ತಿಳಿಯಲು ಒಂದು ತೊಟ್ಟಿ ಕಲ್ಲಿದ್ದಲಿನ ಹಿಂದೆ ಹೋಗಬೇಕು.

ಕಲ್ಲಿದ್ದಲು ಕಡಿಯುವವನು ಪದರದ ಮುಖದಲ್ಲಿ, ಎಷ್ಟೋ ಸಲ ಪಕ್ಕಕ್ಕೆ ಮಲಗಿಕೊಂಡು, ಪಿಕಾಸಿಯಿಂದ ಪದರದ ಬುಡವನ್ನು ಕೊರೆಯುತ್ತಾನೆ. ಆಮೇಲೆ ಮೇಲಿನ ಭಾಗವನ್ನು ಬೆಣೆ ಹೊಡೆದೋ ಮದ್ದಿಟ್ಟೋ ಬೀಳಿಸುತ್ತಾನೆ. ಬಿದ್ದದ್ದನ್ನು ಸಲಿಕೆಯಿಂದ ಚಕ್ರದ ತೊಟ್ಟಿಗೆ ತುಂಬುತ್ತಾನೆ. ತೊಟ್ಟಿಯಲ್ಲಿ ಸುಮಾರು ಅರ್ಧ ಟನ್ ಹಿಡಿಯುತ್ತಿತ್ತು. ತುಂಬುವಾಗಲೇ ತನ್ನ ನಂಬರಿನ ತಗಡಿನದೋ ತೊಗಲಿನದೋ ಬಿಲ್ಲೆಯೊಂದನ್ನು ದಾರ ಕಟ್ಟಿ ತೊಟ್ಟಿಯ ಒಳಗೋಡೆಗೆ ತೂಗುಬಿಡುತ್ತಾನೆ. ಮೇಲೆ ಹೋಗುವಷ್ಟರಲ್ಲಿ ಯಾರೂ ಬಿಲ್ಲೆ ಬದಲಿಸದಂತೆ ಅದು ಕಲ್ಲಿದ್ದಲಿನ ಅಡಿಯಲ್ಲೇ ಹುದುಗಿರಬೇಕು. ಹುಡುಗರು ತೊಟ್ಟಿಯನ್ನು ಮುಖ್ಯದಾರಿಯವರೆಗೆ ನೂಕುತ್ತಾರೆ, ಅಲ್ಲಿಂದ ಗಿಡ್ಡ ಜಾತಿಯ ಕುದುರೆಗಳು ಎಳೆಯುತ್ತವೆ, ಗಣಿಬಾಯಿಯ ಪಂಜರದಲ್ಲಿ ಅದು ಮೇಲೇರುತ್ತದೆ. ಮೇಲೆ ತೂಕದ ಮನೆ. ಅಲ್ಲಿ ಕಂಪನಿಯ ತೂಕಗಾರ ಕೂತಿರುತ್ತಾನೆ. ಒಬ್ಬ ಬಿಲ್ಲೆಯ ನಂಬರು ಕೂಗುತ್ತಾನೆ, ತೂಕಗಾರ ತೊಟ್ಟಿಯ ತೂಕ ಕಳೆದು ಉಳಿದದ್ದನ್ನು ಪುಸ್ತಕದಲ್ಲಿ ಬರೆಯುತ್ತಾನೆ. ಕಡಿದವನು ಆ ಹೊತ್ತಿನಲ್ಲಿ ಸಾವಿರ ಅಡಿ ಕೆಳಗಿದ್ದಾನೆ. ಅವನು ಬೆವರಿದ್ದು ಒಂದು ಕಡೆ, ಅದಕ್ಕೆ ಬೆಲೆ ಕಟ್ಟಿದ್ದು ಇನ್ನೊಂದು ಕಡೆ. ನಡುವೆ ಇರುವುದು ಆ ಒಂದು ಬಿಲ್ಲೆ ಮಾತ್ರ.

ಮೋಸ ನಡೆಯುತ್ತಿದ್ದದ್ದು ಈ ಅಂತರದಲ್ಲೇ. ಅದಕ್ಕೆ ಹಲವು ದಾರಿ.

ಒಂದು, ಟನ್ನನ್ನೇ ಹಿಗ್ಗಿಸುವುದು. ಕಾನೂನಿನ ಟನ್ 20 ಹಂಡ್ರೆಡ್‌ವೇಟ್, ಅಂದರೆ 2,240 ಪೌಂಡ್. ಗಣಿಯ ಪುಸ್ತಕದ ಟನ್ ಕೆಲವೆಡೆ 21, ಕೆಲವೆಡೆ 22 ಹಂಡ್ರೆಡ್‌ವೇಟ್, ಅದಕ್ಕೂ ಮೀರಿದ್ದುಂಟು. 22ರ ಲೆಕ್ಕ ಹಿಡಿದರೆ 2,464 ಪೌಂಡ್ ಆಯಿತು. ಹತ್ತು ಟನ್ನಿನ ಕೂಲಿಗೆ ಹನ್ನೊಂದು ಟನ್ ಕಡಿಯಬೇಕು. ಸಾಗಣೆಯಲ್ಲಿ ಉದುರುವುದಕ್ಕೆ, ನೆನೆದ ಕಲ್ಲಿದ್ದಲಿನ ನೀರಿಗೆ ಎಂದು ಕಾರಣ ಕೊಡುತ್ತಿದ್ದರು. ನಮ್ಮ ಮಂಡಿಗಳಲ್ಲಿ ‘ಸೂಟು’ ಎಂದು ಮುರಿದುಕೊಳ್ಳುವುದನ್ನು ಕಂಡ ರೈತರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು, ತೊಟ್ಟಿಯನ್ನೇ ಹೊರಗಿಡುವುದು. ನಿಗದಿತ ತೂಕಕ್ಕಿಂತ ಸ್ವಲ್ಪ ಕಡಿಮೆ ಬಂದರೆ ಕಡಿಮೆಯಾದಷ್ಟಕ್ಕೆ ಕೂಲಿ ಮುರಿಯುವುದಲ್ಲ, ಇಡೀ ತೊಟ್ಟಿಗೇ ಕೂಲಿ ಇಲ್ಲ. ಕಲ್ಲು ಹೆಚ್ಚಾಗಿ ಕಂಡರೂ ಹಾಗೆಯೇ, ಮೇಲೆ ದಂಡ ಬೇರೆ. ಹೊರಗಿಟ್ಟ ಆ ಕಲ್ಲಿದ್ದಲನ್ನು ಕಂಪನಿ ಎಸೆಯುತ್ತಿರಲಿಲ್ಲ, ಮಾರುತ್ತಿತ್ತು. ಇಲ್ಲಿ ತಾಂತ್ರಿಕ ತೊಡಕೂ ಇತ್ತು: ಎಣ್ಣೆ ದೀಪದ ಮಂಕು ಬೆಳಕಿನಲ್ಲಿ, ಧೂಳಿನ ನಡುವೆ, ಕಪ್ಪು ಕಲ್ಲಿಗೂ ಕಲ್ಲಿದ್ದಲಿಗೂ ವ್ಯತ್ಯಾಸ ಕಾಣುವುದು ಕಷ್ಟ. ಮೇಲೆ ಹಗಲು ಬೆಳಕಿನಲ್ಲಿ ಕಾಣುವುದು ಸುಲಭ.

ಮೂರು, ಪುಡಿಯ ಲೆಕ್ಕ. ದಕ್ಷಿಣ ವೇಲ್ಸ್‌ನಲ್ಲಿ ದಪ್ಪ ಗಟ್ಟಿಗೆ ಮಾತ್ರ ಕೂಲಿ. ಕಲ್ಲಿದ್ದಲನ್ನು ಕಬ್ಬಿಣದ ಸರಳುಗಳ ಜರಡಿಯ ಮೇಲೆ ಜಾರಿಸಿ, ಕೆಳಗುದುರಿದ್ದನ್ನು ತೂಗಿ ಮೊತ್ತದಿಂದ ಕಳೆಯುತ್ತಿದ್ದರು. ಆ ಯಂತ್ರಕ್ಕೆ ‘ಬಿಲ್ಲಿ ಫೇರ್‌ಪ್ಲೇ’ ಎಂದು ಹೆಸರು! ಎತ್ತರದಿಂದ ಸುರಿದರೆ ಗಟ್ಟಿಯೂ ಒಡೆದು ಪುಡಿಯಾಗುತ್ತದೆ, ಜರಡಿಯ ಸಂದು ಅಗಲಿಸಿದರೆ ಚಿಕ್ಕ ಗಟ್ಟಿಯೂ ಪುಡಿಯ ಲೆಕ್ಕಕ್ಕೆ ಸೇರುತ್ತದೆ. ಇದಕ್ಕೆ ಹೆದರಿ ಅಲ್ಲಿಯವರು ಸಲಿಕೆ ಬಿಟ್ಟು, ಗಟ್ಟಿಗಳನ್ನು ಕೈಯಿಂದ ಆರಿಸಿ ಪೆಟ್ಟಿಗೆಗೆ ಹಾಕಿ ತೊಟ್ಟಿಗೆ ಸುರಿಯುತ್ತಿದ್ದರು. ಪುಡಿ ಗಣಿಯೊಳಗೇ ಉಳಿಯುತ್ತಿತ್ತು, ಕಲ್ಲಿದ್ದಲಿನ ಧೂಳು ಸ್ಫೋಟಕ್ಕೆ ಎಂಥ ಇಂಧನ ಎಂಬುದು ಆಮೇಲೆ ಚೆನ್ನಾಗಿಯೇ ತಿಳಿಯಿತು. ಕೂಲಿಯ ಲೆಕ್ಕಕ್ಕೂ ಸುರಕ್ಷತೆಗೂ ಸಂಬಂಧವಿಲ್ಲ ಎನ್ನುವವರು ಇದನ್ನು ನೋಡಬೇಕು.

ಈಗ ಪರಿಹಾರ: ತೂಕದ ಮನೆಯಲ್ಲಿ ಕಾರ್ಮಿಕರ ಕಡೆಯ ಒಬ್ಬ ಮನುಷ್ಯ ಕೂರಬೇಕು. ಇವನೇ ಚೆಕ್‌ವೇಮನ್. 1860ರ ಗಣಿ ಕಾನೂನು, ಸ್ಕಾಟ್‌ಲೆಂಡಿನ ಗಣಿ ಕಾರ್ಮಿಕರ ನಾಯಕ ಅಲೆಕ್ಸಾಂಡರ್ ಮೆಕ್‌ಡೊನಾಲ್ಡ್ ಮೊದಲಾದವರ ಒತ್ತಡದಿಂದ, ಕಾರ್ಮಿಕರು ತಮ್ಮ ಖರ್ಚಿನಲ್ಲಿ ಅಂಥವನನ್ನು ನೇಮಿಸಿಕೊಳ್ಳಬಹುದು ಎಂದಿತು. ಆದರೆ ಅದರಲ್ಲೊಂದು ತೂತು ಇತ್ತು. ಅವನು ಆ ಗಣಿಯ ನೌಕರನೇ ಆಗಿರಬೇಕು. ಮಾಲೀಕರಿಗೆ ಇಷ್ಟು ಸಾಕಾಯಿತು. ಇವತ್ತು ಅವನನ್ನು ಚುನಾಯಿಸಿದರೆ ನಾಳೆ ಕೆಲಸದಿಂದ ತೆಗೆದರಾಯಿತು. ನೌಕರನಲ್ಲದವನು ತೂಕದ ಮನೆಗೆ ಬರುವಂತಿಲ್ಲ. ಯಾರ್ಕ್‌ಷೈರ್‌ನ ಬಾರ್ನ್‌ಸ್ಲಿ ಬಳಿಯ ಚೆಕ್‌ವೇಮನ್ ಜಾನ್ ನಾರ್ಮನ್‌ಸೆಲ್ ಇದೇ ಕಾರಣಕ್ಕೆ 1860ರ ದಶಕದಲ್ಲಿ ಮಾಲೀಕರ ಮೇಲೆ ಉಚ್ಚ ನ್ಯಾಯಾಲಯದವರೆಗೆ ಹೋಗಿ ಹೋರಾಡಬೇಕಾಯಿತು. ಅವನು ಮುಂದೆ ದಕ್ಷಿಣ ಯಾರ್ಕ್‌ಷೈರ್ ಸಂಘದ ಕಾರ್ಯದರ್ಶಿಯಾದ. 1872ರ ಕಾನೂನು ಆ ತೂತನ್ನು ಅರ್ಧ ಮುಚ್ಚಿತು: ತೂಕದ ಮೇಲೆಯೇ ಕೂಲಿ ಎಂಬುದನ್ನು ಕೆಲವು ವಿನಾಯಿತಿಗಳೊಂದಿಗೆ ಸಾಮಾನ್ಯ ನಿಯಮ ಮಾಡಿತು, ಚೆಕ್‌ವೇಮನ್‌ನನ್ನು ತೆಗೆಸಬೇಕಾದರೆ ಮಾಲೀಕ ಕೋರ್ಟಿಗೆ ಹೋಗಬೇಕು ಎಂದಿತು. ಪೂರ್ತಿ ಮುಚ್ಚಿದ್ದು 1887ರದ್ದು. ಹೊರಗಿನವನನ್ನೂ ನೇಮಿಸಬಹುದು. ಅದಕ್ಕಿಂತ ಮುಖ್ಯವಾಗಿ, ಗುಪ್ತ ಮತದಾನದಲ್ಲಿ ಬಹುಮತ ಅವನನ್ನು ಆರಿಸಿದರೆ, ಅವನ ಸಂಬಳದ ಪಾಲನ್ನು ತೂಕದ ಮೇಲೆ ಕೂಲಿ ಪಡೆಯುವ ಪ್ರತಿಯೊಬ್ಬನಿಂದಲೂ ವಸೂಲು ಮಾಡಬಹುದು, ಮತ ಹಾಕದವನಿಂದಲೂ.

ಈ ಕಡೆಯ ವಾಕ್ಯವೇ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಎಂಬುದು ನನ್ನ ಅಭಿಪ್ರಾಯ. ಯಾವ ಉದ್ಯಮದಲ್ಲೂ ಸಂಘದ ಮೊದಲ ಕಷ್ಟ ಏನು? ಪೂರ್ಣಾವಧಿಗೆ ದುಡಿಯುವ ಒಬ್ಬ ಮನುಷ್ಯ ಬೇಕು, ಅವನ ಸಂಬಳ ಮಾಲೀಕನ ಕೈಯಲ್ಲಿರಬಾರದು. ವಂತಿಗೆ ಕೊಡದೆ ಲಾಭ ಮಾತ್ರ ಪಡೆಯುವವರು ಇದ್ದೇ ಇರುತ್ತಾರೆ, ಅವರಿಂದ ಸಂಘ ಸೊರಗುತ್ತದೆ. ಕಲ್ಲಿದ್ದಲು ಗಣಿಯಲ್ಲಿ ಈ ಎರಡೂ ಕಷ್ಟಗಳನ್ನು ಕಾನೂನೇ ಬಿಡಿಸಿಕೊಟ್ಟಿತು. ನೂಲಿನ ಗಿರಣಿಯವರಿಗೆ, ಬಂದರಿನ ಕೂಲಿಗಳಿಗೆ ಆಗ ಅಂಥ ಹುದ್ದೆ ಇರಲಿಲ್ಲ. ತೂಕ ಪರೀಕ್ಷಿಸುವ ಹಕ್ಕನ್ನು ಬೇರೆ ಕೆಲವು ಉದ್ಯಮಗಳಿಗೆ ವಿಸ್ತರಿಸಿದ ಕಾನೂನು ಬಂದದ್ದು 1919ರಲ್ಲಿ.

ಚೆಕ್‌ವೇಮನ್‌ನ ದಿನಚರಿ ಹೀಗೆ. ಪಾಳಿಯ ಮೊದಲ ತೊಟ್ಟಿ ಮೇಲೆ ಬರುವ ಮುಂಚೆ ತಕ್ಕಡಿ ಸರಿಯಿದೆಯೇ ಎಂದು ಪರೀಕ್ಷೆಯ ಬಟ್ಟುಗಳಿಟ್ಟು ನೋಡಬೇಕು. ಖಾಲಿ ತೊಟ್ಟಿಗಳನ್ನು ಆಗಾಗ ತೂಗಬೇಕು, ಏಕೆಂದರೆ ಹೊಸ ಹಲಗೆ ಹಾಕಿದ ತೊಟ್ಟಿ ಭಾರವಾಗಿರುತ್ತದೆ, ಸವೆದದ್ದು ಹಗುರ, ಒಂದೇ ಸರಾಸರಿ ಎಲ್ಲಕ್ಕೂ ಹೊಂದುವುದಿಲ್ಲ. ಪ್ರತಿ ತೊಟ್ಟಿಯ ನಂಬರು, ತೂಕ ತನ್ನ ಪುಸ್ತಕದಲ್ಲೂ ಬರೆಯಬೇಕು. ಕಲ್ಲು ಎಂದು ಮುರಿಯುವಾಗ ಅದನ್ನು ಕಣ್ಣಾರೆ ನೋಡಿ ಕಂಪನಿಯ ತೂಕಗಾರನೊಂದಿಗೆ ಒಪ್ಪಂದಕ್ಕೆ ಬರಬೇಕು. ಹದಿನೈದು ದಿನಕ್ಕೊಮ್ಮೆ ಬಟವಾಡೆಗೆ ಮೊದಲು ಎರಡೂ ಪುಸ್ತಕ ತಾಳೆ ನೋಡಬೇಕು. ಅವನಿಗೆ ಇದ್ದ ಒಂದು ಮಿತಿ: ಕೆಲಸಕ್ಕೆ ಅಡ್ಡಿ ಮಾಡುವಂತಿಲ್ಲ, ತಕ್ಕಡಿ ನಿಲ್ಲಿಸುವಂತಿಲ್ಲ. ಅಷ್ಟು ಮಾಡಿದರೆ ಮಾಲೀಕ ಮ್ಯಾಜಿಸ್ಟ್ರೇಟರ ಬಳಿ ಹೋಗಿ ತೆಗೆಸಬಹುದಿತ್ತು.

ಇದರಿಂದ ಅವನಿಗೆ ದಕ್ಕಿದ್ದೇನು? ಗಣಿಯ ಉತ್ಪಾದನೆಯ ಪೂರ್ತಿ ಅಂಕಿ. ಮಾಲೀಕನ ಗುಮಾಸ್ತನನ್ನು ಬಿಟ್ಟರೆ ಆ ಅಂಕಿ ಗೊತ್ತಿದ್ದವನು ಇವನೊಬ್ಬನೇ. ಯಾವ ಪದರ ಎಷ್ಟು ಕೊಡುತ್ತದೆ, ಯಾರ ಜಾಗದಲ್ಲಿ ಕಲ್ಲು ಬಂದಿದೆ, ಯಾರ ಗಳಿಕೆ ಕುಸಿದಿದೆ ಎಲ್ಲ ಅವನ ಪುಸ್ತಕದಲ್ಲಿದೆ. ಲೆಕ್ಕ ಬರುವವನು, ಮಾತು ಬಲ್ಲವನು, ಒಡೆಯನ ಹಂಗಿಲ್ಲದವನು, ಎಲ್ಲರಿಗೂ ದಿನವೂ ಸಿಗುವವನು. ಗಣಿಯ ಮಟ್ಟದ ಸಂಘಕ್ಕೆ ಅವನೇ ಕಾರ್ಯದರ್ಶಿಯಾಗದೆ ಇನ್ನಾರು ಆಗಬೇಕು? ಡರಮ್‌ನ ವೀಟ್ಲಿ ಹಿಲ್ ಗಣಿಯ ಚೆಕ್‌ವೇಮನ್ ಪೀಟರ್ ಲೀ 1919ರಲ್ಲಿ ಲೇಬರ್ ಪಕ್ಷದ ಹಿಡಿತಕ್ಕೆ ಬಂದ ಇಂಗ್ಲೆಂಡಿನ ಮೊದಲ ಜಿಲ್ಲಾ ಮಂಡಳಿಯ ಅಧ್ಯಕ್ಷನಾದ. ಅವನ ಹೆಸರಿನಲ್ಲೇ ಪೀಟರ್‌ಲೀ ಎಂಬ ಊರಿದೆ. ವೇಲ್ಸ್‌ನ ಮಾರ್ಡಿ ಗಣಿಯವರು ಆರ್ಥರ್ ಹಾರ್ನರ್‌ನನ್ನು ಚೆಕ್‌ವೇಮನ್ ಆಗಿ ಆರಿಸಿದಾಗ ಅವನು ಜೈಲಿನಲ್ಲಿದ್ದ. 1946ರಲ್ಲಿ ಅವನೇ ರಾಷ್ಟ್ರೀಯ ಗಣಿ ಕಾರ್ಮಿಕರ ಸಂಘದ ಪ್ರಧಾನ ಕಾರ್ಯದರ್ಶಿ.

ತೂಕದ ಜೊತೆಗೆ ಡರಮ್‌ನಲ್ಲಿ ಇನ್ನೊಂದು ಪದ್ಧತಿ ಇತ್ತು, ಅದನ್ನು ಬಿಟ್ಟರೆ ಚಿತ್ರ ಪೂರ್ತಿಯಾಗುವುದಿಲ್ಲ. ತೂಕ ನ್ಯಾಯವಾಗಿದ್ದರೂ ಜಾಗ ನ್ಯಾಯವಾಗಿರಬೇಕಲ್ಲ? ಒಬ್ಬನಿಗೆ ನಾಲ್ಕು ಅಡಿ ದಪ್ಪದ ಮೆತ್ತನೆ ಪದರ, ಇನ್ನೊಬ್ಬನಿಗೆ ನೀರು ಜಿನುಗುವ ಒಂದೂವರೆ ಅಡಿಯ ಸಂದು. ಜಾಗ ಹಂಚುವ ಅಧಿಕಾರ ಮ್ಯಾನೇಜರನಿಗಿದ್ದರೆ ಮಾತು ಕೇಳಿದವನಿಗೆ ಮೆತ್ತನೆಯದು, ಸಂಘದವನಿಗೆ ನೀರಿನದು. ಡರಮ್‌ನವರು ಮೂರು ತಿಂಗಳಿಗೊಮ್ಮೆ ಟೋಪಿಯಲ್ಲಿ ಚೀಟಿ ಹಾಕಿ ಜಾಗ ಎತ್ತುತ್ತಿದ್ದರು. ಇದಕ್ಕೆ ‘ಕ್ಯಾವಿಲ್’ ಎನ್ನುತ್ತಿದ್ದರು. ಅದೃಷ್ಟ ಕೆಟ್ಟರೆ ಮೂರು ತಿಂಗಳು ಕೆಡುತ್ತದೆ, ಆಮೇಲೆ ಮತ್ತೆ ಚೀಟಿ. ಒಂದೇ ಜಾಗದಲ್ಲಿ ಬೇರೆ ಬೇರೆ ಪಾಳಿಯಲ್ಲಿ ದುಡಿಯುವ ಜೊತೆಗಾರರು ಒಂದೇ ನಂಬರಿನ ಬಿಲ್ಲೆ ಬಳಸಿ, ಬಂದ ಕೂಲಿಯನ್ನು ಸಮನಾಗಿ ಹಂಚಿಕೊಳ್ಳುತ್ತಿದ್ದರು. ಸಂಘವನ್ನು ಒಡೆಯಲು ಮಾಲೀಕನ ಕೈಯಲ್ಲಿರುವ ಅತ್ಯಂತ ಹಗುರವಾದ ಆಯುಧ ಎಂದರೆ ಪಕ್ಷಪಾತ. ಆ ಆಯುಧವನ್ನು ಒಂದು ಟೋಪಿ ಕಸಿದುಕೊಂಡಿತ್ತು.

ನಾಟಿಂಗ್‌ಹ್ಯಾಮ್‌ಷೈರ್‌ನಲ್ಲಿ ಪದ್ಧತಿ ಬೇರೆ. ಅಲ್ಲಿ ‘ಬಟ್ಟಿ’ ಎಂಬ ಒಳಗುತ್ತಿಗೆದಾರ ಜಾಗ ಹಿಡಿದು, ತನ್ನ ಕೈಕೆಳಗೆ ದಿನಗೂಲಿಯವರನ್ನು ಇಟ್ಟುಕೊಳ್ಳುತ್ತಿದ್ದ. ಟನ್ನಿನ ಕೂಲಿ ಅವನಿಗೆ, ಚೆಕ್‌ವೇಮನ್‌ಗೆ ಮತ ಹಾಕುವ ಹಕ್ಕೂ ಅವನಿಗೆ. ಒಂದೇ ಸುರಂಗದಲ್ಲಿ ದುಡಿಯುವ ಇಬ್ಬರ ಹಿತ ಒಂದಾಗಿರಲಿಲ್ಲ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬರುತ್ತದೆ.

ತಕ್ಕಡಿ ಬಿಡಿಸಲಾಗದ ಗಂಟೂ ಇತ್ತು. ಟನ್ನಿಗಿಷ್ಟು ಎಂಬ ಕೂಲಿಯಲ್ಲಿ ಪದರ ಕೆಟ್ಟರೆ ನಷ್ಟ ಕಡಿಯುವವನಿಗೆ. ಛಾವಣಿ ಸಡಿಲವಾದರೆ ಮರದ ಕಂಬ ನಿಲ್ಲಿಸುವುದರಲ್ಲೇ ಅರ್ಧ ಪಾಳಿ ಹೋಗುತ್ತದೆ, ಪದರದ ನಡುವೆ ಕಲ್ಲಿನ ಪಟ್ಟಿ ಬಂದರೆ ಅದನ್ನು ಬೇರ್ಪಡಿಸಬೇಕು. ದುಡಿಮೆ ಅಷ್ಟೇ, ತೂಕ ಇಲ್ಲ. ಇಂಥ ಜಾಗಕ್ಕೆ ಮ್ಯಾನೇಜರ್ ಏನಾದರೂ ಕೊಟ್ಟರೆ ಅದು ಅವನ ದಯೆ. ದಕ್ಷಿಣ ವೇಲ್ಸ್‌ನ ಈಲಿ ಗಣಿಯಲ್ಲಿ 1910ರಲ್ಲಿ ಹೊಸ ಪದರಕ್ಕೆ ಬೆಲೆ ಕಟ್ಟುವಾಗ ಜಗಳ ಹತ್ತಿದ್ದು ಇದೇ ವಿಷಯಕ್ಕೆ. 70 ಮಂದಿಯನ್ನು ಇಟ್ಟು ಪದರವನ್ನು ಪರೀಕ್ಷಿಸಿ ನೋಡಿದ್ದರು. ಕಂಪನಿ ಟನ್ನಿಗೆ 1 ಶಿಲ್ಲಿಂಗ್ 9 ಪೆನ್ಸ್ ಎಂದಿತು, ಕಾರ್ಮಿಕರು 2 ಶಿಲ್ಲಿಂಗ್ 6 ಪೆನ್ಸ್ ಎಂದರು. ಬೇಕೆಂದೇ ನಿಧಾನ ಮಾಡುತ್ತಿದ್ದಾರೆ ಎಂದು ಕಂಪನಿ ದೂರಿ, ಆ ಪದರದವರನ್ನಷ್ಟೇ ಅಲ್ಲ, ಇಡೀ ಗಣಿಯವರನ್ನು ಸೆಪ್ಟೆಂಬರ್ 1ರಂದು ಹೊರಗಿಟ್ಟು ಬೀಗ ಹಾಕಿತು. ನವೆಂಬರಿನ ಹೊತ್ತಿಗೆ ಅದೇ ಕಂಪನಿ ಕೂಟದ ಗಣಿಗಳ ಸುಮಾರು 12,000 ಮಂದಿ ಮುಷ್ಕರದಲ್ಲಿದ್ದರು. ಟೋನಿಪ್ಯಾಂಡಿಯಲ್ಲಿ ಗಲಭೆಯಾಗಿ, ಗೃಹಮಂತ್ರಿ ವಿನ್‌ಸ್ಟನ್ ಚರ್ಚಿಲ್ ಕಳಿಸಿದ ಪೊಲೀಸರೂ ಸೈನ್ಯವೂ ಬಂದವು. ವೇಲ್ಸ್‌ನ ಆ ಕಣಿವೆಗಳಲ್ಲಿ ಚರ್ಚಿಲ್ ಹೆಸರು ಹೇಳಿದರೆ ಜನ ಮುಖ ಗಂಟಿಕ್ಕಿಕೊಳ್ಳುತ್ತಿದ್ದದ್ದು ಇದಕ್ಕೇ. ಮರುವರ್ಷ ಕಾರ್ಮಿಕರು ಸೋತು ಮರಳಿದರು. ಆದರೆ ಪ್ರಶ್ನೆ ಸಾಯಲಿಲ್ಲ. 1912ರಲ್ಲಿ ಸುಮಾರು ಹತ್ತು ಲಕ್ಷ ಮಂದಿ ದೇಶಾದ್ಯಂತ ಕೆಲಸ ನಿಲ್ಲಿಸಿ, ತೂಕ ಎಷ್ಟೇ ಬರಲಿ ದೊಡ್ಡವರಿಗೆ ಪಾಳಿಗೆ ಕನಿಷ್ಠ 5 ಶಿಲ್ಲಿಂಗ್, ಹುಡುಗರಿಗೆ 2 ಶಿಲ್ಲಿಂಗ್ ಎಂದು ಕೇಳಿದರು. ಸಂಸತ್ತು ಅದೇ ಮಾರ್ಚಿಯಲ್ಲಿ ಕನಿಷ್ಠ ಕೂಲಿ ಕಾನೂನು ಮಾಡಿತು. 5 ಮತ್ತು 2 ಎಂಬ ಅಂಕಿಗಳನ್ನು ಮಾತ್ರ ಅದರಲ್ಲಿ ಬರೆಯಲಿಲ್ಲ, ಆಯಾ ಜಿಲ್ಲೆಯ ಕೂಲಿ ಮಂಡಳಿಗಳಿಗೆ ಬಿಟ್ಟಿತು.

ಸುರಕ್ಷತೆಯ ವಿಷಯ ನೀವು ಎತ್ತಿದ್ದೀರಿ, ಅದನ್ನು ತಕ್ಕಡಿಯ ಪಕ್ಕದಲ್ಲಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಹಾರ್ಟ್ಲಿ ಗಣಿಯಲ್ಲಿ 1862ರ ಜನವರಿ 16ರಂದು ನೀರೆತ್ತುವ ಯಂತ್ರದ ಎರಕದ ತೊಲೆ ಮುರಿದು ಗಣಿಬಾಯಿಗೆ ಬಿತ್ತು. ಬಾಯಿ ಒಂದೇ. ಅದು ಮುಚ್ಚಿಹೋಗಿ 204 ಮಂದಿ ಸತ್ತರು. ಅದೇ ವರ್ಷ ಎರಡು ಬಾಯಿ ಕಡ್ಡಾಯವಾಯಿತು. ಮುಂದೆ 1872ರ ಕಾನೂನು ಕಾರ್ಮಿಕರೇ ತಮ್ಮಲ್ಲಿ ಇಬ್ಬರನ್ನು ಆರಿಸಿ ತಿಂಗಳಿಗೊಮ್ಮೆ ಗಣಿ ತಪಾಸಣೆ ಮಾಡಿಸಬಹುದು ಎಂದಿತು, ಅದೂ ಸ್ವಂತ ಖರ್ಚಿನಲ್ಲೇ. ಆದರೆ ಅವರು ಗಣಿಯ ನೌಕರರು, ಕಟ್ಟುನಿಟ್ಟಾಗಿ ವರದಿ ಬರೆದರೆ ಕೆಲಸಕ್ಕೆ ಕುತ್ತು. ಹಾಗಾಗಿ ಈ ಹಕ್ಕು ಹಲವು ಕಡೆ ಪುಸ್ತಕದಲ್ಲೇ ಉಳಿಯಿತು. ಚೆಕ್‌ವೇಮನ್‌ಗೆ ಸಿಕ್ಕ ಎಲ್ಲರ ವಂತಿಗೆ, ಕೆಲಸದ ಭದ್ರತೆ ಎರಡೂ ತಪಾಸಕನಿಗೆ ಸಿಗಲಿಲ್ಲ. ಸೆಂಗೆನಿತ್ ಗಣಿಯಲ್ಲಿ 1913ರ ಅಕ್ಟೋಬರ್ 14ರ ಸ್ಫೋಟಕ್ಕೆ 439 ಗಣಿಗಾರರು ಬಲಿಯಾದಾಗ ಮ್ಯಾನೇಜರನಿಗೆ ಬಿದ್ದ ದಂಡ 24 ಪೌಂಡ್.

ಅಮೆರಿಕದಲ್ಲೂ ಇದೇ ಜಗಳ, ಬಂದೂಕು ಮಾತ್ರ ಹೆಚ್ಚು. ಅಲ್ಲಿಯ ಯುನೈಟೆಡ್ ಮೈನ್ ವರ್ಕರ್ಸ್ ಸಂಘ ಹುಟ್ಟಿದ್ದು 1890ರಲ್ಲಿ. 1902ರ ಪೆನ್ಸಿಲ್ವೇನಿಯಾ ಮುಷ್ಕರದ ನಂತರ ಅಧ್ಯಕ್ಷ ರೂಸ್‌ವೆಲ್ಟ್ ನೇಮಿಸಿದ ಆಯೋಗ 10 ಶೇಕಡಾ ಕೂಲಿ ಹೆಚ್ಚಳದ ಜೊತೆಗೆ ಚೆಕ್‌ವೇಮನ್ ನೇಮಿಸುವ ಹಕ್ಕನ್ನೂ ಕೊಟ್ಟಿತು. ಕೊಲೊರಾಡೊದ ಲಡ್ಲೋ ಎಂಬಲ್ಲಿ 1914ರ ಏಪ್ರಿಲ್ 20ರಂದು ಮುಷ್ಕರನಿರತರ ಗುಡಾರಗಳಿಗೆ ಬೆಂಕಿ ಬಿದ್ದು ಮಕ್ಕಳು, ಹೆಂಗಸರು ಸತ್ತದ್ದು ಎಲ್ಲರಿಗೂ ಗೊತ್ತು. ಆ ಮುಷ್ಕರದ ಏಳು ಬೇಡಿಕೆಗಳಲ್ಲಿ ಒಂದು ತಾವೇ ಆರಿಸಿದ ತೂಕಗಾರ ಬೇಕೆಂಬುದು, ಇನ್ನೊಂದು ಕಂಬ ನಿಲ್ಲಿಸುವಂಥ ತೂಕವಿಲ್ಲದ ಕೆಲಸಕ್ಕೂ ಕೂಲಿ ಬೇಕೆಂಬುದು ಎಂದು ಕಡಿಮೆ ಜನರಿಗೆ ಗೊತ್ತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ.

1926ರಲ್ಲಿ ಮಾಲೀಕರು ಕಾರ್ಮಿಕರನ್ನು ಹೊರಗಿಟ್ಟು ಹಾಕಿದ ಬೀಗಮುದ್ರೆ, ಏಳು ತಿಂಗಳ ಹಸಿವು, ಸೋಲು, ಆಗ ನಾಟಿಂಗ್‌ಹ್ಯಾಮ್‌ಷೈರ್‌ನಲ್ಲಿ ಜಾರ್ಜ್ ಸ್ಪೆನ್ಸರ್ ಕಟ್ಟಿದ ಪ್ರತ್ಯೇಕ ಸಂಘ, ಇವೆಲ್ಲ ಬೇರೆಯೇ ಬರಹ ಕೇಳುವ ವಿಷಯ. ಗಣಿಗಳು 1947ರ ಜನವರಿ 1ರಂದು ರಾಷ್ಟ್ರದ ಸ್ವತ್ತಾದವು. ಆಗಲೂ ಕೂಲಿಯ ದರ ಗಣಿಯಿಂದ ಗಣಿಗೆ ಬೇರೆ, ಆದ್ದರಿಂದ ಜಗಳವೂ ಗಣಿಯಿಂದ ಗಣಿಗೆ ಬೇರೆ. ವರ್ಷಕ್ಕೆ ನೂರಾರು ಚಿಕ್ಕ ಮುಷ್ಕರ, ರಾಷ್ಟ್ರೀಯ ಮುಷ್ಕರ ಒಂದೂ ಇಲ್ಲ. ಅದನ್ನು ಬದಲಿಸಿದ್ದು ಯಂತ್ರ. ಪದರದ ಉದ್ದಕ್ಕೂ ಓಡುತ್ತ ಕಡಿಯುವ, ಕಡಿದದ್ದನ್ನು ತಾನೇ ಸರಪಳಿ ಸಾಗಣೆಗೆ ಸುರಿಯುವ ಯಂತ್ರ ಬಂದ ಮೇಲೆ ಇದು ಯಾರ ಕಲ್ಲಿದ್ದಲು ಎಂದು ಹೇಳುವಂತಿಲ್ಲ. ಬಿಲ್ಲೆ ಕಟ್ಟಲು ತೊಟ್ಟಿಯೇ ಇಲ್ಲ. 1966ರಲ್ಲಿ ಗಣಿಗಳನ್ನು ನಡೆಸುತ್ತಿದ್ದ ಸರ್ಕಾರಿ ಕಲ್ಲಿದ್ದಲು ಮಂಡಳಿಯೂ ಸಂಘವೂ ಒಪ್ಪಂದ ಮಾಡಿಕೊಂಡು ಯಂತ್ರದ ಮುಖದಲ್ಲಿ ದುಡಿಯುವವರಿಗೆ ಉತ್ಪಾದನೆಯ ಲೆಕ್ಕ ಬಿಟ್ಟು ಪಾಳಿಗಿಷ್ಟು ಎಂಬ ಕೂಲಿ ಗೊತ್ತು ಮಾಡಿದವು. 1971ರ ಕೊನೆಯ ಹೊತ್ತಿಗೆ ಸ್ಕಾಟ್‌ಲೆಂಡಿನವನಿಗೂ ಕೆಂಟ್‌ನವನಿಗೂ ಒಂದೇ ದರ ಬಂತು.

ಮಂಡಳಿ ಎಣಿಸಿದ್ದು ಇನ್ನು ಜಗಳ ಕಡಿಮೆಯಾಗುತ್ತದೆ ಎಂದು. ಚಿಕ್ಕ ಜಗಳ ಕಡಿಮೆಯಾಯಿತು ಕೂಡ. ಆದರೆ ಎಲ್ಲರ ಕೂಲಿ ಒಂದಾದಾಗ ಎಲ್ಲರ ಅಸಮಾಧಾನವೂ ಒಂದಾಗುತ್ತದೆ. 1972ರ ಜನವರಿ 9ರಂದು 1926ರ ನಂತರದ ಮೊದಲ ರಾಷ್ಟ್ರೀಯ ಮುಷ್ಕರ, ಏಳು ವಾರ, ಗೆಲುವು. 1974ರಲ್ಲಿ ಮತ್ತೊಂದು, ಆ ನಡುವೆ ಚುನಾವಣೆ ಕರೆದ ಪ್ರಧಾನಿ ಎಡ್ವರ್ಡ್ ಹೀತ್ ಕುರ್ಚಿ ಕಳೆದುಕೊಂಡರು.

ಮುಂದಿನ ಹೆಜ್ಜೆಯನ್ನು ಗಮನವಿಟ್ಟು ನೋಡಿ. ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನ ಮತ್ತೆ ತರಬೇಕೆಂಬ ಯೋಜನೆ ಬಂತು. 1977ರಲ್ಲಿ ಸಂಘದ ಸದಸ್ಯರು ರಾಷ್ಟ್ರೀಯ ಮತದಾನದಲ್ಲಿ ಅದನ್ನು ತಿರಸ್ಕರಿಸಿದರು. ಆದರೂ ಪ್ರಾಂತವಾರು ಒಪ್ಪಂದಗಳ ಮೂಲಕ ಅದು ಜಾರಿಗೆ ಬಂತು, ನ್ಯಾಯಾಲಯವೂ ತಡೆಯಲಿಲ್ಲ. ನಾಟಿಂಗ್‌ಹ್ಯಾಮ್‌ಷೈರ್‌ನ ಪದರಗಳು ದಪ್ಪ, ಸಮತಟ್ಟು, ಯಂತ್ರಕ್ಕೆ ಹೇಳಿಮಾಡಿಸಿದಂಥವು. ವೇಲ್ಸ್‌ನವು ಮುರಿದುಬಿದ್ದಂಥವು. ಅದೇ ಬೆವರಿಗೆ ಅಲ್ಲಿ ಹೆಚ್ಚು, ಇಲ್ಲಿ ಕಡಿಮೆ. 1984ರ ಮಾರ್ಚಿಯಲ್ಲಿ ಯಾರ್ಕ್‌ಷೈರ್‌ನ ಕಾರ್ಟನ್‌ವುಡ್ ಗಣಿ ಮುಚ್ಚುವ ಸುದ್ದಿ ಬಂದು, ಹಿಂದೆಯೇ 20 ಗಣಿ ಮತ್ತು 20,000 ಕೆಲಸ ಹೋಗುತ್ತವೆ ಎಂದು ಪ್ರಕಟವಾದಾಗ ಎರಡು ಕಡೆಯವರ ಮುಂದೆ ಇದ್ದ ಭವಿಷ್ಯ ಒಂದೇ ಆಗಿರಲಿಲ್ಲ. ನಾಟಿಂಗ್‌ಹ್ಯಾಮ್‌ಷೈರ್‌ನವರು ತಮ್ಮ ಪ್ರಾಂತದ ಮತದಾನದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಮುಷ್ಕರ ಬೇಡವೆಂದರು, ಗಣಿಗೆ ಇಳಿದರು, 1985ರಲ್ಲಿ ಬೇರೆ ಸಂಘ ಕಟ್ಟಿಕೊಂಡರು.

ಪ್ರೋತ್ಸಾಹಧನವೊಂದೇ ಕಾರಣ ಎಂದರೆ ಸರಿಯಾಗದು. ಸಂಘದ ಅಧ್ಯಕ್ಷ ಆರ್ಥರ್ ಸ್ಕಾರ್ಗಿಲ್ ಮತ್ತು ಕಾರ್ಯಕಾರಿ ಸಮಿತಿ ರಾಷ್ಟ್ರೀಯ ಮತದಾನ ಕರೆಯಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ದೊಡ್ಡ ತಪ್ಪು, ಒಡಕಿಗೆ ಅದು ನೆವವನ್ನೂ ಕಾನೂನಿನ ಬಲವನ್ನೂ ಕೊಟ್ಟಿತು. ಸರ್ಕಾರ ಮೊದಲೇ ವಿದ್ಯುತ್ ಕೇಂದ್ರಗಳಲ್ಲಿ ಕಲ್ಲಿದ್ದಲು ರಾಶಿ ಹಾಕಿಸಿತ್ತು. ಬಟ್ಟಿ ಪದ್ಧತಿಯ, ಸ್ಪೆನ್ಸರ್ ಸಂಘದ ಹಳೆಯ ಜಾಡೂ ಅಲ್ಲಿತ್ತು. ಆದರೆ ಆ ಜಾಡು ಮತ್ತೆ ತೆರೆದುಕೊಂಡದ್ದು ಅಳತೆ ಬದಲಾದ ಮೇಲೆ. ಬೇರೆ ಸಂಘ ಕಟ್ಟಿದವರ ಗಣಿಗಳೂ ಉಳಿಯಲಿಲ್ಲ. ಬ್ರಿಟನ್ನಿನ ಕೊನೆಯ ದೊಡ್ಡ ಆಳದ ಗಣಿ, ಯಾರ್ಕ್‌ಷೈರ್‌ನ ಕೆಲಿಂಗ್ಲಿ, 2015ರ ಡಿಸೆಂಬರಿನಲ್ಲಿ ಮುಚ್ಚಿತು.

ಇನ್ನು ಮೂರನೆಯ ಪ್ರಶ್ನೆ. ಝರಿಯಾ, ರಾಣಿಗಂಜ್‌ಗಳಲ್ಲಿ ತಕ್ಕಡಿಯೇ ಇರಲಿಲ್ಲ. ಕೂಲಿ ತೊಟ್ಟಿಗಿಷ್ಟು, ತೂಕಕ್ಕಲ್ಲ. ‘ಮಾಲ್‌ಕಟ್ಟಾ’ ಕಡಿಯುತ್ತಿದ್ದ, ಅವನ ಹೆಂಡತಿ, ಅಕ್ಕತಂಗಿಯರು ಬುಟ್ಟಿಯಲ್ಲಿ ಹೊತ್ತು ತೊಟ್ಟಿ ತುಂಬುತ್ತಿದ್ದರು, ಪೂರ್ತಿ ತುಂಬಿದೆಯೇ ಇಲ್ಲವೇ ಎಂದು ಹೇಳುವವನು ಮುನ್ಷಿ ಎಂಬ ಗುಮಾಸ್ತ. ಕಡಿಯುವವನಿಗೂ ಕಂಪನಿಗೂ ನಡುವೆ ಸರ್ದಾರನೋ ಗುತ್ತಿಗೆದಾರನೋ ಇದ್ದ. ಅವನೇ ಊರಿನಿಂದ ಕರೆತಂದವನು, ಮುಂಗಡ ಕೊಟ್ಟವನು, ಕೂಲಿ ಹಂಚುವವನು. ಸಂತಾಲ, ಬೌರಿ ಸಮುದಾಯಗಳ ಕಾರ್ಮಿಕರು ಬಿತ್ತನೆ, ಕೊಯ್ಲಿಗೆ ಊರಿಗೆ ಮರಳುತ್ತಿದ್ದರು. ಕೆಲವೆಡೆ ಕಂಪನಿಯೇ ಜಮೀನ್ದಾರನೂ ಆಗಿತ್ತು, ಗಣಿಯಲ್ಲಿ ದುಡಿದರೆ ಮಾತ್ರ ಉಳುಮೆಗೆ ನೆಲ. ಇಂಥಲ್ಲಿ ಬಹುಮತದಿಂದ ತೂಕಗಾರನನ್ನು ಆರಿಸುವ ಮಾತೆಲ್ಲಿ ಬಂತು? ಗಣಿಯೊಳಗಿಂದ ನಾಯಕನನ್ನು ಬೆಳೆಸುವ ಹುದ್ದೆಯೇ ಇಲ್ಲದ್ದರಿಂದ ನಾಯಕರು ಹೊರಗಿನಿಂದ ಬಂದರು. ಕಾರ್ಮಿಕ ಸಂಘಗಳ ಅಖಿಲ ಭಾರತ ಒಕ್ಕೂಟವಾದ ಎಐಟಿಯುಸಿಯ ಎರಡನೆಯ ಅಧಿವೇಶನ 1921ರ ನವೆಂಬರ್ 30ರಿಂದ ಝರಿಯಾದಲ್ಲೇ ನಡೆದು ಸಾವಿರಾರು ಗಣಿಗಾರರು ಸೇರಿದ್ದರು. ಸಭೆ ಮುಗಿದ ಮೇಲೆ ದಿನದಿನವೂ ತೊಟ್ಟಿಯ ಬಳಿ ನಿಲ್ಲುವವನು ಯಾರೂ ಉಳಿಯಲಿಲ್ಲ. ಹೆಂಗಸರು ಗಣಿಗಿಳಿಯುವುದನ್ನು 1929ರ ನಿಯಮಗಳು ಹಂತಹಂತವಾಗಿ ತಡೆದು 1937ರಲ್ಲಿ ಪೂರ್ತಿ ನಿಲ್ಲಿಸಿದವು. ಯುದ್ಧಕಾಲದಲ್ಲಿ 1943ರಲ್ಲಿ ತೆರವು, 1946ರಲ್ಲಿ ಮತ್ತೆ ನಿಷೇಧ. ತೊಟ್ಟಿಯ ದರ ಲೆಕ್ಕ ಹಾಕಿದ್ದೇ ಕುಟುಂಬದ ದುಡಿಮೆಯ ಮೇಲೆ, ಹಾಗಾಗಿ ನಿಷೇಧ ಬಂದಾಗ ಬಡವಾದದ್ದು ಕುಟುಂಬ.

ಇಲ್ಲಿ ಕೂಲಿಯನ್ನು ಗೊತ್ತು ಮಾಡಿದ್ದು ಗಣಿಯ ಮಟ್ಟದ ಚೌಕಾಸಿಯಲ್ಲ, ದೆಹಲಿಯ ಮಟ್ಟದ ನ್ಯಾಯಮಂಡಳಿಗಳು: 1956ರ ಮಜುಂದಾರ್ ತೀರ್ಪು, 1967ರಿಂದ ಜಾರಿಯಾದ ವೇತನ ಮಂಡಳಿಯ ಶಿಫಾರಸು. ಅನೇಕ ಖಾಸಗಿ ಮಾಲೀಕರು ಅವನ್ನೂ ಪಾಲಿಸಲಿಲ್ಲ, 1971–73ರ ರಾಷ್ಟ್ರೀಕರಣಕ್ಕೆ ಅದೂ ಒಂದು ಕಾರಣ. 1975ರಿಂದ ರಾಷ್ಟ್ರೀಯ ಕಲ್ಲಿದ್ದಲು ವೇತನ ಒಪ್ಪಂದಗಳು ಬಂದವು. ತೊಟ್ಟಿ ತುಂಬುವವರ ಉಕ್ತೆ ಕೂಲಿ, ಅಂದರೆ ತುಂಬಿದಷ್ಟಕ್ಕೆ ಕೂಲಿ, ಆಗಲೂ ಮುಂದುವರಿಯಿತು, ಆದರೆ ಮಾಲು ಸಿಗದ ದಿನಕ್ಕೂ ಒಂದು ಕನಿಷ್ಠ ಕೂಲಿ ಇತ್ತು. ವೇಲ್ಸ್‌ನವರು 1910ರಲ್ಲಿ ಜಗಳವಾಡಿದ್ದು ಇದಕ್ಕೇ. ಒಪ್ಪಂದದ ಮೇಜಿನಲ್ಲಿ ಕೂರುವುದು ಕೇಂದ್ರ ಕಾರ್ಮಿಕ ಸಂಘಟನೆಗಳ ಪ್ರತಿನಿಧಿಗಳು, ಹಲವು ಸಂಘಗಳು ಒಟ್ಟಿಗೆ. ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೆ ಕಲ್ಲಿದ್ದಲು ಕಳಿಸುವ ತೆಲಂಗಾಣದ ಸಿಂಗರೇಣಿಯಲ್ಲಿ ಮಾತ್ರ ದಾರಿ ಬೇರೆ. ಅಲ್ಲಿ 1998ರಿಂದ ಗುಪ್ತ ಮತದಾನದಲ್ಲಿ ಕಾರ್ಮಿಕರೇ ಮಾನ್ಯತೆ ಪಡೆಯುವ ಸಂಘವನ್ನು ಆರಿಸುತ್ತಾರೆ. ಒಂದು ಗಣಿ ಪ್ರದೇಶದಲ್ಲಿ ಸಂಘ ಎಷ್ಟು ಗಟ್ಟಿ ಎಂದು ಅಳೆಯಬೇಕೆಂದಿದ್ದರೆ ಬಾವುಟ, ಮೆರವಣಿಗೆಗಳನ್ನು ಪಕ್ಕಕ್ಕಿಟ್ಟು ಅಲ್ಲಿಯ ಗುತ್ತಿಗೆ ಕಾರ್ಮಿಕನನ್ನು ಎರಡು ಪ್ರಶ್ನೆ ಕೇಳಿ: ನಿನ್ನ ಹಾಜರಿ ಮತ್ತು ದುಡಿಮೆಯ ಲೆಕ್ಕ ಯಾರ ಪುಸ್ತಕದಲ್ಲಿದೆ, ಅದನ್ನು ನಿನ್ನ ಕಡೆಯ ಯಾರು ನೋಡಬಹುದು?